ಒಂದು ವರ್ಷ ಹಾಳಾಯ್ತಂತೆ ನಂದು

ಪೋಸ್ಟ್ 1
(ಫೋಟೋ: ಕುಮಟಾ ಬಸ್ ಸ್ಟ್ಯಾಂಡ್, ಮಳೆ, ಕಡ್ಡಿ ಮುರಿದ ನನ್ನ ಕೊಡೆ)

ಡಿಸೆಂಬರಲ್ಲಿ ಬುಸಾನ್‌ನಿಂದ ವಾಪಸ್ ಬಂದಾಗಿಂದ ಈ ಮೇ ಕೊನೆವರೆಗೆ ನಾನು ಎರಡೇ ಮಾತು ಕೇಳಿದ್ದು. ದೊಡ್ಡವರದ್ದು ಪ್ರಶ್ನೆ ಕೂಡ ಅಲ್ಲ, ತೀರ್ಪು: "ಒಂದ್ ವರ್ಷ ಹಾಳಾಯ್ತಲೇ ತಂಗಿ." ಇನ್‌ಬಾಕ್ಸಲ್ಲಿ ನಿಮ್ಮದು: "ಅಕ್ಕಾ, ಒಪ್ಪಾ ಯಾರಾದ್ರೂ ಸಿಕ್ಕಿದ್ರಾ?"

ಮೊನ್ನೆ ಬಸ್ ಸ್ಟ್ಯಾಂಡಲ್ಲಿ ಮಳೆಗೆ ನಿಂತಾಗ ಸಂಬಂಧಿಕರೊಬ್ಬರು ಮತ್ತೆ ಅದೇ ಹೇಳಿದ್ರು. ಜೊತೆಗೆ ಇನ್ನೊಂದು ಸೇರಿಸಿದ್ರು, "ನಿನ್ ಜೊತೆಯವ್ರೆಲ್ಲ ಸಿಇಟಿ ರಿಸಲ್ಟ್ ನೋಡ್ಕಂಡು ಕೂತಿದ್ರು, ನೀನು ಡ್ಯಾನ್ಸ್ ಮಾಡ್ಕಂಡು ಬಂದೆ." ನನಗೆ ಡ್ಯಾನ್ಸ್ ಬರೂದೇ ಇಲ್ಲ ಮಾರಾಯ್ರೆ. ಅವತ್ತು ನಕ್ಕು ಸುಮ್ಮನಾದೆ. ಇವತ್ತು ಸುಮ್ಮನಾಗೋದಿಲ್ಲ. ಕ್ಯಾಪ್ಷನ್‌ನಲ್ಲಿ ಜಾಗ ಸಾಲೂದಿಲ್ಲ, ಅದಕ್ಕೇ ಎಂಟು ಪೋಸ್ಟ್. ಜಗಳ ಆಡೂದಾದ್ರೆ ಎಂಟೂ ಓದಿ ಬನ್ನಿ.

ಹೊಸ ಫಾಲೋವರ್ಸ್‌ಗೆ: ನಾನು ಅಘನಾಶಿನಿ ದಂಡೆ ಮೇಲಿನ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಫಸ್ಟ್ ಪಿಯು ಮನೆ ಬಿಟ್ಟು, ಕರಾವಳಿಯಲ್ಲೇ ದಕ್ಷಿಣದ ಕಡೆ ಒಂದು ದೊಡ್ಡ ಹಾಸ್ಟೆಲ್ ಕಾಲೇಜಲ್ಲಿ. ಹೆಸರು ಬೇಡ. 2024ರ ಮಾರ್ಚಿಂದ ಡಿಸೆಂಬರ್‌ವರೆಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ದಕ್ಷಿಣ ಕೊರಿಯಾದ ಬುಸಾನ್ ಊರಲ್ಲಿ, ಹೈಸ್ಕೂಲ್ ಎರಡನೇ ವರ್ಷದ ಕ್ಲಾಸಲ್ಲಿ. ಅಲ್ಲಿ ಹೈಸ್ಕೂಲ್ ಅಂದ್ರೆ ಕೊನೇ ಮೂರು ವರ್ಷ, ನಮ್ಮ ಪಿಯು ವಯಸ್ಸಿನವರದ್ದು. ಈಗ ಜೂನ್ 2ಕ್ಕೆ ಸೆಕೆಂಡ್ ಪಿಯು, ಇಲ್ಲೇ ಕುಮಟಾದಲ್ಲಿ, ನನಗಿಂತ ಒಂದು ವರ್ಷ ಚಿಕ್ಕವರ ಜೊತೆ.

ನನ್ನ ತಕರಾರು ಇಷ್ಟು. ಕೊರಿಯಾದ ಶಾಲೆಯಲ್ಲಿ ಯಾವುದು ಅತಿ ಕೆಟ್ಟದ್ದೋ ಅದನ್ನ ನಮ್ಮ ಹಿರಿಯರು ಆಗಲೇ ತಂದಾಗಿದೆ, ಲಕ್ಷ ಲಕ್ಷ ಕೊಟ್ಟು. ಯಾವುದು ಒಳ್ಳೇದೋ ಅದನ್ನ ನೋಡಿ ನಗ್ತಿದ್ದಾರೆ. ಮತ್ತೆ ಹುಚ್ಚು ಅನ್ನೋ ಪಟ್ಟ ಮಾತ್ರ ಬಿಟಿಎಸ್ ಪೋಸ್ಟರ್ ಹಚ್ಚಿದ ನಮಗೆ.

ಪೋಸ್ಟ್ 2
(ಫೋಟೋ: ಶಾಲೆ ಬಾಗಿಲಲ್ಲಿ ಸಾಲಾಗಿ ಇಟ್ಟ ಚಪ್ಪಲಿಗಳು)

"ಸಂಸ್ಕೃತಿ ಹಾಳಾಗ್ತದೆ" ಅಂದವರಿಗೆ ಈ ಫೋಟೋ.

ಮೊದಲನೇ ದಿನ ನನಗೆ ಹೇಳಿಕೊಟ್ಟ ನಿಯಮ ಕೇಳಿ. ಹೊರಗಿನ ಚಪ್ಪಲಿ ಒಳಗೆ ತರಬಾರದು. ದೊಡ್ಡವರಿಗೆ ಏನಾದ್ರೂ ಕೊಡುವಾಗ, ತಕ್ಕೊಳುವಾಗ ಎರಡೂ ಕೈ. ಊಟಕ್ಕೆ ಕೂತಾಗ ಮನೆಯ ಹಿರಿಯರು ಮೊದಲು ಚಮಚ ಎತ್ತಬೇಕು, ಆಮೇಲೆ ನಾವು. ಟೀಚರ್ ಹೆಸರು ಹಿಡಿದು ಕರೆಯೋದು ಅಂದ್ರೆ ಮಹಾಪರಾಧ, "ಸೊನ್‌ಸೆಂಗ್‌ನಿಮ್" ಅನ್ನಬೇಕು. ನನಗೆ ನಗು ಬಂತು. ನಮ್ಮ ಶಾಲೆಯಲ್ಲಿ ಹತ್ತು ವರ್ಷ "ಅಕ್ಕೋರೇ", "ಮಾಸ್ತರೇ" ಅಂತಲೇ ಬೆಳೆದವಳು ನಾನು. ಎಷ್ಟೋ ಅಕ್ಕೋರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಜೊತೆಗಿದ್ದ ಯುರೋಪಿನ ಎಕ್ಸ್‌ಚೇಂಜ್ ಹುಡುಗಿ ಇದನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಾಯಿಪಾಠ ಮಾಡ್ತಿದ್ಲು. ನನಗೆ ನಮ್ಮ ಆಯಿ ಮಾಡಿಸಿದ ಅಭ್ಯಾಸವೇ ಸಾಕಾಯ್ತು.

ಒಂದು ಮಾತ್ರ ಹೊಸದು. ಯಾರು ಸಿಕ್ಕಿದ್ರೂ ಮೊದಲು ಕೇಳೋದು "ಯಾವ ಇಸವಿಯಲ್ಲಿ ಹುಟ್ಟಿದ್ದು?" ಒಂದೇ ವರ್ಷ ಹುಟ್ಟಿದ್ರೆ ಮಾತ್ರ "ಛಿಂಗು", ಸ್ನೇಹಿತರು. ಒಂದು ವರ್ಷ ಮೇಲಿನವರು ಸನ್‌ಬೆ, ಅವರ ಹತ್ತಿರ ಕ್ರಿಯಾಪದದ ಬಾಲವೇ ಬದಲಾಗಬೇಕು. ಹತ್ತು ತಿಂಗಳು ದೊಡ್ಡವಳಿಗೆ ಬೆನ್ನು ಬಗ್ಗಿಸೋದು ನನಗೆ ಸೇರಲಿಲ್ಲ, ಈಗಲೂ ಸೇರೂದಿಲ್ಲ. ಆದ್ರೆ ನಮ್ಮ ಕಡೆ ಮೊದಲನೇ ಪ್ರಶ್ನೆ ಏನು ನೆನಪು ಮಾಡ್ಕೊಳ್ಳಿ. "ಯಾವೂರಾಯ್ತು? ಯಾರ ಮನೆ ಕೂಸು?" ಅದರ ಹಿಂದೆ ಏನು ಕೇಳ್ತಿದ್ದಾರೆ ಅಂತ ಕೇಳೋರಿಗೂ ಗೊತ್ತು, ಹೇಳೋರಿಗೂ ಗೊತ್ತು. ಹುಟ್ಟಿದ ಇಸವಿ ಕೇಳೋದು ಅದಕ್ಕಿಂತ ಅಡ್ಡಿಲ್ಲೆ.

ಪೋಸ್ಟ್ 3
(ಫೋಟೋ: ಹಾಲ್ಮೊನಿ ಒಣ ಹಾಕಿದ ಸಣ್ಣ ಮೀನು. ಹೊನ್ನಾವರ ಅಂತ ಹೇಳಿದ್ರೂ ನಂಬ್ತಿದ್ರಿ)

ನಾನಿದ್ದ ಮನೆಯ ಅಜ್ಜಿಗೆ ಎಲ್ಲರೂ "ಹಾಲ್ಮೊನಿ" ಅನ್ನೋದು, ಅಂದ್ರೆ ಅಜ್ಜಿ. ಅವರಿಗೆ ಇಂಗ್ಲಿಷ್ ಒಂದಕ್ಷರ ಬರೂದಿಲ್ಲ. ನನಗೆ ಕೊರಿಯನ್ ಬರ್ತಿತ್ತು ಅಂದ್ಕೊಂಡಿದ್ದೆ, ಡ್ರಾಮಾ ನೋಡಿ ಕಲಿತದ್ದು. ಅಲ್ಲಿ ಹೋದ ಮೇಲೆ ಗೊತ್ತಾಯ್ತು, ಡ್ರಾಮಾದವರು ಮಾತಾಡೋದು ಸಿಯೋಲ್ ಭಾಷೆ. ಬುಸಾನ್‌ನವರದ್ದು ಬೇರೆಯೇ ರಾಗ. ಬೆಳಿಗ್ಗೆ ಎದ್ದ ಕೂಡ್ಲೆ ಹಾಲ್ಮೊನಿ ಜೋರಾಗಿ "ಪಾಪ್ ಮುನ್ನಾ?" ಅಂತಿದ್ರು. ಬೈತಿದ್ದಾರೆ ಅಂತ ಒಂದು ವಾರ ಹೆದರಿದ್ದೆ. ಊಟ ಆಯ್ತಾ ಅಂತ ಕೇಳ್ತಿದ್ದದ್ದು! ಸಿಯೋಲಿನ ಹುಡುಗರು ಬುಸಾನ್ ಮಾತನ್ನ ಅಣಕಿಸ್ತಾರೆ, ಟಿವಿ ಕಾಮಿಡಿಯಲ್ಲಿ ನಗಿಸೋಕೆ ಆ ಮಾತನ್ನ ಬಳಸ್ತಾರೆ. ಬೆಂಗಳೂರಲ್ಲಿ ನಮ್ಮ "ಎಂತ" ಕೇಳಿ ನಕ್ಕವರ ಹಾಗೇ.

ಕ್ಲಾಸಲ್ಲಿ ಮೊದಲ ಎರಡು ತಿಂಗಳು ನಾನು ಮೂಕಿ. ಪಾಠ ಅರ್ಧ ಅರ್ಥ ಆಗ್ತಿರಲಿಲ್ಲ, ಇನ್ನರ್ಧ ಅರ್ಥವೇ ಆಗ್ತಿರಲಿಲ್ಲ. ಗುಂಪುಗಳು ಮಾರ್ಚ್ ಮೊದಲ ವಾರಕ್ಕೇ ಕಟ್ಟಿ ಮುಗಿದಿದ್ವು, ಯಾವುದರಲ್ಲೂ ನಾನಿಲ್ಲ. ಊಟಕ್ಕೆ ಒಬ್ಬಳೇ ಕೂತ ದಿನ ಎಷ್ಟೋ. ಇದನ್ನ ಆಗ ಸ್ಟೋರಿ ಹಾಕಲಿಲ್ಲ, ಚೆರಿ ಹೂವಿನ ಫೋಟೋ ಹಾಕಿದ್ದೆ. ಕ್ಷಮಿಸಿ.

ಆದ್ರೆ ಒಂದು ಮಾತು ನಿಜ ಹೇಳ್ತೇನೆ. ಅಲ್ಲಿ ನನಗೆ ನಾಚಿಕೆ ಆಗಲಿಲ್ಲ. ಭಾಷೆ ಬರೂದಿಲ್ಲ, ಕಲೀತಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಕ್ಲಾಸ್ ಟೀಚರ್ ಸಂಜೆ ಹತ್ತು ನಿಮಿಷ ಕೂರಿಸಿ ನಾಳೆಯ ಪಾಠದ ಐದು ಶಬ್ದ ಹೇಳಿಕೊಡ್ತಿದ್ರು. ತಪ್ಪಿದ್ರೆ ನಗ್ತಿದ್ರು, ಮತ್ತೆ ಹೇಳಿಕೊಡ್ತಿದ್ರು.

ನಾಚಿಕೆ ಅಂದ್ರೆ ಏನು ಅಂತ ನಾನು ಕಲಿತದ್ದು ಅದಕ್ಕಿಂತ ಒಂಬತ್ತು ತಿಂಗಳು ಮೊದಲು, ನಮ್ಮದೇ ರಾಜ್ಯದಲ್ಲಿ, ಮನೆಯಿಂದ ಕೆಲವೇ ಗಂಟೆ ದೂರದ ಹಾಸ್ಟೆಲಲ್ಲಿ. ಅಲ್ಲಿ ಕನ್ನಡ ಮಾತಾಡಿದ್ರೆ ದಂಡ, ಒಂದು ಸಲಕ್ಕೆ ಹತ್ತು ರೂಪಾಯಿ. ಮೊದಲ ತಿಂಗಳು ನಾನು ಕೊಟ್ಟದ್ದು ನೂರ ನಲವತ್ತು. ಫಿಸಿಕ್ಸ್ ಕ್ಲಾಸಲ್ಲಿ "ವೇಗೋತ್ಕರ್ಷ" ಅಂದುಬಿಟ್ಟೆ, ಅಷ್ಟೂ ಜನ ನಕ್ಕರು. ಲೆಕ್ಕ ಸರಿ ಇತ್ತು. ಉತ್ತರ ಸರಿ ಇತ್ತು. ಶಬ್ದ ಮಾತ್ರ ನಮ್ಮ ಶಾಲೆಯದ್ದು. ಅವತ್ತಿಂದ ಮಾರ್ಚ್‌ವರೆಗೆ ನಾನು ಆ ಕ್ಲಾಸಲ್ಲಿ ಬಾಯಿ ಬಿಡಲಿಲ್ಲ.

ಈಗ ಹೇಳಿ, ಕಲ್ಚರ್ ಶಾಕ್ ಆದದ್ದು ನನಗೆ ಯಾವ ದೇಶದಲ್ಲಿ?

ಪೋಸ್ಟ್ 4
(ಫೋಟೋ: ಬೋರ್ಡ್ ಮೇಲೆ ಫಿಸಿಕ್ಸ್, ಪೂರ್ತಿ ಕೊರಿಯನ್ ಅಕ್ಷರ)

ಈ ಬೋರ್ಡಲ್ಲಿ ದೊಡ್ಡದಾಗಿ ಬರೆದಿದ್ದಾರಲ್ಲ, ಆ ಒಂದಕ್ಷರ "ಹಿಮ್". ಅಂದ್ರೆ ಬಲ, ಫೋರ್ಸ್. ಅದೇ ಶಬ್ದವನ್ನ ಹಾಲ್ಮೊನಿ ಮೀನಿನ ಬುಟ್ಟಿ ಎತ್ತುವಾಗ "ಹಿಮ್ ಇಲ್ಲ" ಅನ್ನೋಕೆ ಬಳಸ್ತಿದ್ರು. ಮನೆಯ ಅಜ್ಜಿಗೂ ನ್ಯೂಟನ್‌ಗೂ ಒಂದೇ ಶಬ್ದ. ನನಗೆ ಅವತ್ತು ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಹೇಳಿರಲಿಲ್ಲ.

ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಎಲ್ಲ ಕೊರಿಯನ್‌ನಲ್ಲೇ. ಆ ಭಾಷೆಯಲ್ಲಿ ಓದಿದವರೇ ಮುಂದೆ ಹಡಗು ಕಟ್ಟೋದು, ನಿಮ್ಮ ಕೈಯಲ್ಲಿರೋ ಫೋನಿನ ಚಿಪ್ ಮಾಡೋದು.

ಇಲ್ಲಿ ಒಬ್ಬರು ಸರ್ ನನಗೆ ಹೇಳಿದ್ರು, "ಅವರದ್ದು ದೊಡ್ಡ ಭಾಷೆ, ಕನ್ನಡ ಚಿಕ್ಕದು, ಅದಕ್ಕೆ ಆಗೂದಿಲ್ಲ." ಸರ್, ಲೆಕ್ಕ ನೋಡುವ. ದಕ್ಷಿಣ ಕೊರಿಯಾದ ಜನಸಂಖ್ಯೆ ಸುಮಾರು 5.17 ಕೋಟಿ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಅಂತ ಬರೆಸಿದವರು 4.37 ಕೋಟಿ. ಇದರಲ್ಲಿ ಮನೆಯಲ್ಲಿ ಕೊಂಕಣಿ, ನವಾಯತಿ, ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರು ಸೇರಿಲ್ಲ. ಅವರನ್ನ ಸೇರಿಸಿದ್ರೆ ಯಾರು ಚಿಕ್ಕವರು?

ಅವರಿಗೆ ಇದು ಸುಮ್ಮನೆ ಸಿಕ್ಕಿದ್ದೂ ಅಲ್ಲ. ಹಂಗುಲ್ ಲಿಪಿಯನ್ನ ರಾಜ ಸೇಜೋಂಗ್ 1446ರಲ್ಲಿ ಹೊರಡಿಸೋ ಮೊದಲೇ ಪಂಡಿತರು ವಿರೋಧ ಮಾಡಿದ್ರು, ಚೀನೀ ಅಕ್ಷರ ಬಿಟ್ಟರೆ ನಾವು ಅನಾಗರಿಕರಾಗ್ತೇವೆ ಅಂತ. (ಈ ವಾದ ಎಲ್ಲೋ ಕೇಳಿದ ಹಾಗಿದೆ ಅಲ್ವಾ?) ಜಪಾನಿನ ಆಳ್ವಿಕೆಯ ಕೊನೇ ವರ್ಷಗಳಲ್ಲಿ ಶಾಲೆಯಿಂದ ಕೊರಿಯನ್ನನ್ನೇ ಹೊರಗೆ ಹಾಕಿದ್ರು, ಹೆಸರು ಕೂಡ ಜಪಾನಿ ಮಾಡಿಸಿದ್ರು. 1945ರಲ್ಲಿ ಬಿಡುಗಡೆ ಆದ ಮೇಲೆ ಮತ್ತೆ ತಂದ್ರು. ಅಲ್ಲಿ ಶಿಕ್ಷಕರ ದಿನಾಚರಣೆ ಮೇ 15ಕ್ಕೆ, ಯಾಕಂದ್ರೆ ಅದು ಸೇಜೋಂಗನ ಹುಟ್ಟಿದ ದಿನ. ಅಕ್ಟೋಬರ್ 9 ಹಂಗುಲ್ ದಿನ, ಸರ್ಕಾರಿ ರಜೆ. 2024ರಲ್ಲಿ ಅದರ ಮರುದಿನವೇ ಹಾನ್ ಕಾಂಗ್ ಅವರಿಗೆ ನೊಬೆಲ್ ಅಂತ ಸುದ್ದಿ ಬಂತು, ಕೊರಿಯನ್‌ನಲ್ಲಿ ಬರೆಯೋ ಲೇಖಕಿ. ನಮ್ಮ ಕ್ಲಾಸಿನ ಸಾಹಿತ್ಯದ ಟೀಚರ್ ಪಾಠ ಬಿಟ್ಟು ಅವರ ಬಗ್ಗೆಯೇ ಮಾತಾಡಿದ್ರು.

2025ರ ಮೇ 20ಕ್ಕೆ ಲಂಡನ್ನಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಹಾನ್ ಕಾಂಗ್ 2016ರಲ್ಲಿ ಗೆದ್ದದ್ದೂ ಅದೇ ಬಹುಮಾನವನ್ನೇ. ನೀವೆಲ್ಲ ಸ್ಟೋರಿ ಹಾಕಿದ್ರಿ, ನಾನೂ ಹಾಕಿದೆ, ಅರಿಶಿನ ಕೆಂಪು ಹೃದಯ ಸಮೇತ. ಆದ್ರೆ ಆ ಸ್ಟೋರಿ ಹಾಕಿದ ಎಷ್ಟೋ ಕಾಲೇಜಲ್ಲಿ ಜೂನ್‌ನಿಂದ ಮತ್ತೆ ಹತ್ತು ರೂಪಾಯಿ ದಂಡ ಶುರು.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಾ ಇಲ್ಲ. ನೀಟ್ ಪ್ರಶ್ನೆಪತ್ರಿಕೆ ಕನ್ನಡ ಸೇರಿ 13 ಭಾಷೆಯಲ್ಲಿ ಬರ್ತದೆ. ಆದ್ರೆ ಪಿಯು ಸೈನ್ಸನ್ನ ಕನ್ನಡದಲ್ಲಿ ಹೇಳಿಕೊಡೋ ಒಂದು ಕಾಲೇಜು ಭಟ್ಕಳ, ಹೊನ್ನಾವರ, ಕುಮಟಾ ಎಲ್ಲೂ ನಾನು ಕಂಡಿಲ್ಲ. ಪರೀಕ್ಷೆ ಬರೀಬಹುದು, ಪಾಠ ಕೇಳೋ ಹಾಗಿಲ್ಲ. ಭಟ್ಕಳದ ನನ್ನ ಗೆಳತಿ ಮನೆಯಲ್ಲಿ ನವಾಯತಿ, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಈಗ ಕಾಲೇಜಲ್ಲಿ ಇಂಗ್ಲಿಷ್. ನಾಲ್ಕು ಭಾಷೆ ಬರೋ ಹುಡುಗಿಗೆ "ಲ್ಯಾಂಗ್ವೇಜ್ ವೀಕ್" ಅಂತ ಡೈರಿಯಲ್ಲಿ ಬರೆದು ಕಳಿಸ್ತಾರೆ.

ಪೋಸ್ಟ್ 5
(ಫೋಟೋ: ರಾತ್ರಿ 10.40, ಬುಸಾನ್, ಯೂನಿಫಾರ್ಮಲ್ಲಿ ಬಸ್ಸಿಗೆ ಕಾಯ್ತಿರೋ ಹುಡುಗಿಯರು)

ಇದು ಒಪ್ಪಾ ಕೇಳಿದವರಿಗೆ.

ಡ್ರಾಮಾದಲ್ಲಿ ಶಾಲೆ ಅಂದ್ರೆ ಟೆರೇಸ್, ಮಳೆ, ಒಂದೇ ಕೊಡೆ. ನಿಜದ ಶಾಲೆಯಲ್ಲಿ ಎಲ್ಲರೂ ನಿದ್ದೆಗೆಟ್ಟವರು. ನನ್ನ ಬೆಂಚ್‌ಮೇಟ್ ಬೆಳಿಗ್ಗೆ ಫೋನ್ ಟೀಚರ್ ಕೈಗೆ ಕೊಟ್ಟರೆ, ಸಂಜೆ ಕ್ಲಾಸ್ ಮುಗಿದ ಮೇಲೆ "ಯಾಜಾ", ಅಂದ್ರೆ ಶಾಲೆಯಲ್ಲೇ ಕೂತು ರಾತ್ರಿ ಓದು. ಕಡ್ಡಾಯ ಅಲ್ಲ ಅಂತ ಹೇಳ್ತಾರೆ. ಯಾಜಾಕ್ಕೆ ಕೂರದವರು "ಹಾಗ್ವೊನ್"ಗೆ ಹೋಗ್ತಾರೆ, ಅಂದ್ರೆ ಟ್ಯೂಷನ್ ಕ್ಲಾಸು. ಸಿಯೋಲಲ್ಲಿ ಹಾಗ್ವೊನ್‌ಗಳು ರಾತ್ರಿ 10ಕ್ಕೆ ಬಾಗಿಲು ಹಾಕಬೇಕು ಅಂತ ಕಾನೂನೇ ಮಾಡಬೇಕಾಯ್ತು. ಮಕ್ಕಳು ಮನೆಗೆ ಹೋಗಿ ಮಲಗಲಿ ಅಂತ ಸರ್ಕಾರ ಕಾನೂನು ಮಾಡೋ ಪರಿಸ್ಥಿತಿ ಎಂಥದ್ದು ಯೋಚನೆ ಮಾಡಿ. 2024ರಲ್ಲಿ ಅಲ್ಲಿನ ಮನೆಗಳು ಶಾಲಾ ಮಕ್ಕಳ ಟ್ಯೂಷನ್‌ಗೆ ಸುರಿದದ್ದು 29 ಲಕ್ಷ ಕೋಟಿ ವೊನ್‌ಗೂ ಹೆಚ್ಚು. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ ಒಂದು ಮುಕ್ಕಾಲು ಲಕ್ಷ ಕೋಟಿ. ನೂರರಲ್ಲಿ ಎಂಬತ್ತು ಮಕ್ಕಳು ಒಂದಲ್ಲ ಒಂದು ಟ್ಯೂಷನ್‌ಗೆ ಹೋಗ್ತಾರೆ. ಮಕ್ಕಳನ್ನ ಹೆರೋದೇ ಬೇಡ ಅನ್ನೋರು ಅಲ್ಲಿ ಹೆಚ್ಚಾಗಿದ್ದಾರೆ. ಕಾರಣ ಕೇಳಿದ್ರೆ ಈ ಖರ್ಚನ್ನೂ ಹೇಳ್ತಾರೆ.

ಇದೆಲ್ಲ ಒಂದು ದಿನಕ್ಕಾಗಿ. ಸುನಂಗ್, ಕಾಲೇಜು ಪ್ರವೇಶದ ಪರೀಕ್ಷೆ. 2024ರಲ್ಲಿ ನವೆಂಬರ್ 14ಕ್ಕಿತ್ತು. ಅವತ್ತು ಶೇರು ಮಾರುಕಟ್ಟೆ ಒಂದು ಗಂಟೆ ತಡ, ಆಫೀಸುಗಳೂ ತಡ, ರಸ್ತೆಯಲ್ಲಿ ಮಕ್ಕಳಿಗೆ ಜಾಗ ಇರಲಿ ಅಂತ. ತಡ ಆದವರನ್ನ ಪೊಲೀಸರು ಬೈಕಲ್ಲಿ ಕೂರಿಸ್ಕೊಂಡು ಹೋಗ್ತಾರೆ. ಇಂಗ್ಲಿಷ್ ಲಿಸನಿಂಗ್ ಇರೋ ಮೂವತ್ತೈದು ನಿಮಿಷ ದೇಶದಲ್ಲಿ ವಿಮಾನ ಏರೋದಿಲ್ಲ, ಇಳಿಯೋದಿಲ್ಲ. ನಾನಿದ್ದ ಮನೆಯ ಅಕ್ಕ ಆ ಪರೀಕ್ಷೆ ಬರೆದಳು. ಅವಳಿಗೆ ಹಿಂದಿನ ದಿನ ಕಡಲಪಾಚಿಯ ಸೂಪ್ ಕೊಡಲಿಲ್ಲ, ಜಾರ್ತದೆ, ಓದಿದ್ದೂ ಜಾರ್ತದೆ ಅಂತ. ಅಂಟು ಮಿಠಾಯಿ ಕೊಟ್ಟರು, ಸೀಟು ಅಂಟಿಕೊಳ್ಳಲಿ ಅಂತ. ಅವಳ ತಾಯಿ ನೂರು ದಿನ ಸಮುದ್ರದ ಬಂಡೆ ಮೇಲಿನ ಯೊಂಗುಂಗ್‌ಸಾ ದೇವಸ್ಥಾನಕ್ಕೆ ಹೋಗಿ ಕೈ ಮುಗಿದ್ರು. ಇಡಗುಂಜಿ ಗಣಪತಿಗೆ ಹರಕೆ ಹೊತ್ತ ನಮ್ಮ ಆಯಿ ನೆನಪಾದ್ಲು.

ಪರೀಕ್ಷೆ ಮುಗಿಸಿ ಬಂದ ಅಕ್ಕ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆ ದೇಶದಲ್ಲಿ ಹದಿಹರೆಯದವರ ಸಾವಿಗೆ ಮೊದಲನೇ ಕಾರಣ ಆತ್ಮಹತ್ಯೆ. ಇದು ನಿಮ್ಮ ಡ್ರಾಮಾದಲ್ಲಿ ಬರೋ ವಿಷಯವೂ ಹೌದು, ನೀವು ಸ್ಕಿಪ್ ಮಾಡೋ ಎಪಿಸೋಡು.

(ಓದ್ತಿರೋ ಯಾರಿಗಾದ್ರೂ ಹಾಗೆ ಅನ್ನಿಸ್ತಿದ್ರೆ: 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಲ್ಲಾಂದ್ರೆ ನನಗೆ ಮೆಸೇಜ್ ಮಾಡಿ, ರಾತ್ರಿ ಎಷ್ಟೊತ್ತಾದ್ರೂ.)

ಪೋಸ್ಟ್ 6
(ಫೋಟೋ ಇಲ್ಲ. ಆ ಹಾಸ್ಟೆಲಲ್ಲಿ ಫೋನ್ ಇಡೋ ಹಾಗಿರಲಿಲ್ಲ. ಕಪ್ಪು ಚೌಕ ನೋಡಿ)

"ಅಯ್ಯೋ ಪಾಪ ಕೊರಿಯಾದ ಮಕ್ಳು" ಅಂತ ಐದನೇ ಪೋಸ್ಟಿಗೆ ಕಮೆಂಟ್ ಹಾಕಿದ್ದೀರಿ. ಪಾಪ ಅನ್ನೋಕೆ ಅಷ್ಟು ದೂರ ಹೋಗ್ಬೇಕಾ?

ನನ್ನ ಫಸ್ಟ್ ಪಿಯು ಟೈಮ್‌ಟೇಬಲ್ ಇದು, ನೆನಪಿಂದ ಬರೀತಿದ್ದೇನೆ. ಬೆಳಿಗ್ಗೆ 4.45ಕ್ಕೆ ಬೆಲ್. 5.15ರಿಂದ ಓದು, ವಾರ್ಡನ್ ಬೆನ್ನ ಹಿಂದೆ ಓಡಾಡ್ತಾರೆ. 8ರಿಂದ ಸಂಜೆ 4.30 ಕ್ಲಾಸು, ಆಮೇಲೆ ನೀಟ್ ಕೋಚಿಂಗು, ಮತ್ತೆ ರಾತ್ರಿ 10.30ರವರೆಗೆ ಓದು. ಭಾನುವಾರ ಟೆಸ್ಟು. ಸೋಮವಾರ ರ‍್ಯಾಂಕ್ ಪಟ್ಟಿ ಬಾಗಿಲಿಗೆ, ಮೊದಲಿಂದ ಕೊನೆವರೆಗೂ ಹೆಸರು ಸಮೇತ. ಪಟ್ಟಿಯ ಪ್ರಕಾರ ಸೆಕ್ಷನ್ ಬದಲು. ಮನೆಗೆ ಫೋನು ವಾರಕ್ಕೊಮ್ಮೆ, ಹಿಂದೆ ಹದಿನೈದು ಜನ ಕ್ಯೂ, ಐದು ನಿಮಿಷ. "ಊಟ ಮಾಡ್ದ್ಯಾ?" "ಹೂಂ." "ಓದ್ತಾ ಇದ್ಯಾ?" "ಹೂಂ." ಅಷ್ಟರಲ್ಲಿ ಟೈಮ್ ಆಯ್ತು.

ಬುಸಾನಲ್ಲಿ ನನ್ನ ಬೆಂಚ್‌ಮೇಟ್ ರಾತ್ರಿ ಹನ್ನೊಂದಕ್ಕೆ ಬಸ್ ಹತ್ತಿದ್ರೂ ಮನೆಗೆ ಹೋಗ್ತಿದ್ಲು. ದಾರಿಯಲ್ಲಿ ಅಂಗಡಿಗೆ ಹೊಕ್ಕು ನೂಡಲ್ಸ್ ತಿಂತಿದ್ಲು, ಅಮ್ಮನ ಹತ್ತಿರ ಜಗಳ ಆಡ್ತಿದ್ಲು, ತನ್ನ ಹಾಸಿಗೆಯಲ್ಲಿ ಮಲಗ್ತಿದ್ಲು. ನಾನು ಅವಳಿಗೆ ನಮ್ಮ ಹಾಸ್ಟೆಲಿನ ದಿನಚರಿ ಮುರುಕು ಕೊರಿಯನ್‌ನಲ್ಲಿ ಹೇಳಿದೆ. ಅವಳು ನಂಬಲಿಲ್ಲ. ಶಬ್ದ ತಪ್ಪಾಯ್ತು ಅಂದ್ಕೊಂಡು ಫೋನಲ್ಲಿ ಅನುವಾದ ಮಾಡಿ ತೋರಿಸಿದೆ. "ಜೈಲಾ?" ಅಂದ್ಲು. ಕೊರಿಯಾದ ಹುಡುಗಿ!

ಹಾಗಾದ್ರೆ ಕೊರಿಯಾ ಹುಚ್ಚು ಯಾರಿಗೆ ಹಿಡಿದದ್ದು? ನಾನು ಹಚ್ಚಿದ ಪೋಸ್ಟರಿಗೆ ಮೂವತ್ತು ರೂಪಾಯಿ. ಆ ಹಾಸ್ಟೆಲ್ ಫೀಸಿಗೆ ಆಯಿಯ ಎರಡು ಬಳೆ, ಅಪ್ಪನ ಸೊಸೈಟಿ ಸಾಲ. ನಮ್ಮ ಮೂರು ತಾಲೂಕಿನಿಂದ ಪ್ರತಿ ವರ್ಷ ಜೂನ್‌ನಲ್ಲಿ ಟ್ರಂಕು, ಹಾಸಿಗೆ ಕಟ್ಟಿಕೊಂಡು ದಕ್ಷಿಣಕ್ಕೆ ಹೋಗೋ ಮಕ್ಕಳನ್ನ ನೀವೂ ನೋಡಿದ್ದೀರಿ, ನೀವೇ ಹೋಗಿದ್ದೀರಿ. ಹೋಗಿ ಚೆನ್ನಾಗಿ ಓದಿ ಡಾಕ್ಟರಾದವರು ಇದ್ದಾರೆ, ಇಲ್ಲ ಅನ್ನೂದಿಲ್ಲ. ಬಸ್ ಸ್ಟ್ಯಾಂಡಿನ ಫ್ಲೆಕ್ಸಲ್ಲಿ ಅವರ ಮುಖ ಇರ್ತದೆ. ಆದ್ರೆ 2025ರಲ್ಲಿ ನೀಟ್‌ಗೆ ಹೆಸರು ಕೊಟ್ಟವರು 22 ಲಕ್ಷಕ್ಕೂ ಹೆಚ್ಚು. ಉಳಿದವರಿಗೆ ಫ್ಲೆಕ್ಸಿಲ್ಲ. ನನ್ನ ರೂಮಲ್ಲಿ ಆರು ಜನ ಇದ್ವಿ. ಒಬ್ಬಳು ಅಕ್ಟೋಬರಲ್ಲಿ ದಸರಾ ರಜೆಗೆ ಹೋದವಳು ತಿರುಗಿ ಬರಲಿಲ್ಲ. ಅವಳ ಹಾಸಿಗೆ ಮಡಚಿ ಇಟ್ಟರು, ಯಾಕೆ ಅಂತ ಯಾರೂ ಹೇಳಲಿಲ್ಲ. ಈಗ ಹೊನ್ನಾವರದಲ್ಲಿ ಕಾಮರ್ಸ್ ಓದ್ತಾಳೆ, ಆರಾಮಿದ್ದಾಳೆ. ಅವಳ ಮನೆಯವರಿಗೂ ಜನ ಅದೇ ಹೇಳಿದ್ರಂತೆ: ಒಂದು ವರ್ಷ ಹಾಳು.

ಈ ಮಾತಿನ ಲೆಕ್ಕ ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಬಾಯಿ ಮುಚ್ಚಿ ಕೂತ ಆ ಹತ್ತು ತಿಂಗಳು ಮಾರ್ಕ್ಸ್‌ಕಾರ್ಡಲ್ಲಿ ಇದೆ, ಅದಕ್ಕೇ ಅದು "ವರ್ಷ". ಹೊಸ ಲಿಪಿ ಓದಲು ಕಲಿತ, ಒಬ್ಬಳೇ ವಿಮಾನ ಹತ್ತಿದ, ಮೂಕಿಯಾಗಿ ಹೋಗಿ ಸೆಪ್ಟೆಂಬರಿಗೆ ಬೋರ್ಡ್ ಮುಂದೆ ನಿಂತು ಅಘನಾಶಿನಿಯ ಬಗ್ಗೆ ಕೊರಿಯನ್‌ನಲ್ಲಿ ಹದಿನೈದು ನಿಮಿಷ ಮಾತಾಡಿದ ಹತ್ತು ತಿಂಗಳು "ಹಾಳು".

ಪೋಸ್ಟ್ 7
(ಫೋಟೋ: ಊಟದ ತಟ್ಟೆ)

ಇದು ಸ್ಟೀಲ್ ತಟ್ಟೆ, ಗುಂಡಿ ಗುಂಡಿ ಇರೋದು. ನೋಡಿದ ಕೂಡ್ಲೆ ನನಗೆ ನೆನಪಾದದ್ದು ನಮ್ಮ ಶಾಲೆಯ ಬಿಸಿಯೂಟ. ಅಲ್ಲಿ ಹೈಸ್ಕೂಲ್ ಕೊನೇ ವರ್ಷದವರೆಗೂ ಮಧ್ಯಾಹ್ನ ಊಟ ಪುಕ್ಕಟೆ. ಅನ್ನ, ಸೂಪು, ಕಿಮ್ಚಿ, ಮೀನು. ಹಂದಿ, ದನ ಇದ್ದ ದಿನ ನಾನು ಅನ್ನ ಕಿಮ್ಚಿಯಲ್ಲೇ ಮುಗಿಸ್ತಿದ್ದೆ, ಅಡುಗೆಯವರು ಗಮನಿಸಿ ಮೊಟ್ಟೆ ಹಾಕೋಕೆ ಶುರು ಮಾಡಿದ್ರು. ಟೀಚರುಗಳೂ ಅದೇ ಹಾಲಲ್ಲಿ, ಅದೇ ಊಟ.

ನಮ್ಮಲ್ಲಿ ಹತ್ತನೇ ಕ್ಲಾಸಿಗೆ ಬಿಸಿಯೂಟ ನಿಲ್ತದೆ. ಪಿಯುಗೆ ಬಂದ ಕೂಡ್ಲೆ ಹಸಿವೆ ಆಗೋದಿಲ್ಲ ಅಂತ ಯಾರು ತೀರ್ಮಾನ ಮಾಡಿದ್ರೋ. ಗುಡ್ಡದ ಮೇಲಿನ ಹಳ್ಳಿಯಿಂದ ಆರೂವರೆಗೆ ಮನೆ ಬಿಟ್ಟು, ಎರಡು ಬಸ್ ಬದಲಿಸಿ ಬರೋ ಹುಡುಗಿಯರು ಮಧ್ಯಾಹ್ನ ಬಿಸ್ಕಿಟ್ ಪೊಟ್ಟಣ ಹಂಚ್ಕೊಂಡು ತಿನ್ನೋದು ನಮ್ಮ ಕಾಲೇಜಲ್ಲೇ ನೋಡಿ. ಕೊರಿಯಾದಿಂದ ಏನಾದ್ರೂ ತರೋದಾದ್ರೆ ಈ ತಟ್ಟೆ ತನ್ನಿ.

ಊಟ ಆದ ಮೇಲೆ ಕ್ಲಾಸ್ ಗುಡಿಸೋ ಪಾಳಿ. ಪಟ್ಟಿಯಲ್ಲಿ ಎಲ್ಲರ ಹೆಸರು, ಡಾಕ್ಟರ ಮಗನದ್ದೂ. ಇದನ್ನ ಇಲ್ಲಿ ಹೇಳಿದಾಗ ಒಬ್ಬರು "ನಮ್ಮಲ್ಲೂ ಮಾಡಿಸ್ಬೇಕು, ಶಿಸ್ತು ಬರ್ತದೆ" ಅಂದ್ರು. ಮಾಡಿಸಿ, ಆದ್ರೆ ಪಟ್ಟಿ ಮೊದಲು ಗೋಡೆಗೆ ಹಚ್ಚಿ. ನಮ್ಮಲ್ಲಿ ಪೊರಕೆ ಯಾರ ಕೈಗೆ ಹೋಗ್ತದೆ ಅಂತ ನಾನೂ ಸರ್ಕಾರಿ ಶಾಲೆಯಲ್ಲೇ ಓದಿದವಳು, ಗೊತ್ತು.

ಇನ್ನು ಬಣ್ಣದ ವಿಷಯ, ಕೇಳಿದ್ರಿ ಅಂತ ಹೇಳ್ತೇನೆ. ಹೌದು, ಒಬ್ಬಳು ನನ್ನ ಕೈ ಪಕ್ಕ ತನ್ನ ಕೈ ಇಟ್ಟು ನೋಡಿದ್ಲು. ಹೌದು, ಎಲ್ಲರ ಬ್ಯಾಗಲ್ಲೂ ಬೆಳ್ಳಗಾಗೋ ಕ್ರೀಮ್. ಸುನಂಗ್ ಮುಗಿದ ಮೇಲೆ ಕಣ್ಣ ರೆಪ್ಪೆಗೆ ಆಪರೇಷನ್ ಮಾಡಿಸಿ ಉಡುಗೊರೆ ಕೊಡೋ ಅಪ್ಪ ಅಮ್ಮ ಇದ್ದಾರೆ. ಬೇಜಾರಾಯ್ತಾ ಅಂತ ಕೇಳಿದ್ರೆ, ಆಯ್ತು. ಹೊಸದಾ ಅಂತ ಕೇಳಿದ್ರೆ, ಇಲ್ಲ. "ಸ್ವಲ್ಪ ಬೆಳ್ಳಗಿದ್ದಿದ್ರೆ" ಅನ್ನೋ ಮಾತು ನಾನು ಮೊದಲು ಕೇಳಿದ್ದು ನಮ್ಮೂರ ಮದುವೆ ಮನೆಯಲ್ಲಿ, ಎಂಟು ವರ್ಷದವಳಿದ್ದಾಗ.

ಪೋಸ್ಟ್ 8
(ಫೋಟೋ: ಲೈಟ್ ಸ್ಟಿಕ್ ಹಿಡಿದ ಕೈಗಳು, ಡಿಸೆಂಬರ್ ಚಳಿ)

ಕೊನೇದು. "ಕೆ-ಪಾಪ್ ಹುಡುಗಿಯರು ಯಾವುದಕ್ಕೂ ಬರೂದಿಲ್ಲ" ಅಂದವರಿಗೆ.

ನಾನು ಹೊರಡೋ ತಿಂಗಳು, ಡಿಸೆಂಬರ್ 3ರ ರಾತ್ರಿ, ಅಲ್ಲಿನ ಅಧ್ಯಕ್ಷ ಯೂನ್ ಸುಕ್-ಯೋಲ್ ಟಿವಿಯಲ್ಲಿ ಬಂದು ಸೇನಾಡಳಿತ ಘೋಷಿಸಿದ್ರು. ಹಾಲ್ಮೊನಿ ಟಿವಿ ಮುಂದೆ ನಿಂತವರು ಕೂರಲೇ ಇಲ್ಲ. ಅವರ ಕಾಲದಲ್ಲಿ ಅದನ್ನ ನೋಡಿದವರು. ನಡುರಾತ್ರಿ ಕಳೆದು ಸಂಸತ್ತಿನಲ್ಲಿ 190 ಸದಸ್ಯರು ಸೇರಿ ವೋಟು ಹಾಕಿ ಅದನ್ನ ತೆಗೆಸಿದ್ರು. ಬೆಳಿಗ್ಗೆ ಶಾಲೆ ಇತ್ತು, ಮಾಮೂಲಿ. ಆದ್ರೆ ಆ ವಾರ ದೇಶದ ಎಲ್ಲ ಕಡೆ ಬೀದಿಗೆ ಬಂದವರಲ್ಲಿ ಎಷ್ಟು ಜನ ನಮ್ಮ ವಯಸ್ಸಿನ, ನಮಗಿಂತ ಸ್ವಲ್ಪ ದೊಡ್ಡ ಹುಡುಗಿಯರು! ಮೇಣದ ಬತ್ತಿ ಬದಲು ಕೈಯಲ್ಲಿ ತಮ್ಮ ತಮ್ಮ ಬ್ಯಾಂಡಿನ ಲೈಟ್ ಸ್ಟಿಕ್. ಗಾಳಿಗೆ ಆರೂದಿಲ್ಲವಲ್ಲ. ಘೋಷಣೆ ನಡುವೆ ಗರ್ಲ್ಸ್ ಜನರೇಷನ್ ಹಾಡು. ಡಿಸೆಂಬರ್ 14ಕ್ಕೆ ಮಹಾಭಿಯೋಗ ಪಾಸಾಯ್ತು. ನನ್ನ ಬೆಂಚ್‌ಮೇಟ್ ಹಾಗ್ವೊನ್ ತಪ್ಪಿಸಿದ ಒಂದೇ ದಿನ ಅದು. ಅವಳ ಅಮ್ಮ ಬೈಯಲಿಲ್ಲ, ಸ್ಕಾರ್ಫ್ ಸುತ್ತಿ ಕಳಿಸಿದ್ರು.

ಈಗ ನಾನು ಇದನ್ನೆಲ್ಲ ಈ ವಾರವೇ ಯಾಕೆ ಬರೆದೆ ಅಂತ ಹೇಳಿಬಿಡ್ತೇನೆ. ನನ್ನ ತಮ್ಮನ ಎಸ್ಸೆಸ್ಸೆಲ್ಸಿ ಆಯ್ತು, ಕನ್ನಡ ಮೀಡಿಯಂ, 91 ಪರ್ಸೆಂಟ್. ಅದೇ ಥರದ ಇನ್ನೊಂದು ಹಾಸ್ಟೆಲಿನ ಫಾರ್ಮು ನಮ್ಮನೆ ಟಿವಿ ಮೇಲೆ ಎರಡು ವಾರದಿಂದ ಇದೆ. ಅಪ್ಪ ಸೋಮವಾರ ದುಡ್ಡು ಕಟ್ಟೋಕೆ ಹೋಗ್ತಾರಂತೆ. ತಮ್ಮನಿಗೆ ಇಷ್ಟ ಇಲ್ಲ, ಹೇಳೋ ಧೈರ್ಯ ಇಲ್ಲ. ಅವನಿಗೆ ದೋಣಿ ಇಂಜಿನ್ ಬಿಚ್ಚೋದು ಅಂದ್ರೆ ಪ್ರಾಣ. ಡಿಪ್ಲೊಮಾ ಮಾಡ್ತೇನೆ ಅಂತ ನನ್ನ ಹತ್ತಿರ ಮಾತ್ರ ಹೇಳಿದ್ದಾನೆ. ನಾನು ಮೂರು ಸಲ ಅಪ್ಪನ ಎದುರು ಮಾತು ತೆಗೆದೆ. ಮೂರು ಸಲವೂ ಅದೇ ಉತ್ತರ: "ನೀನು ಒಂದ್ ವರ್ಷ ಹಾಳು ಮಾಡ್ಕಂಡವಳು, ಅವನಿಗೆ ಹೇಳೂಕೆ ಬರಬೇಡ."

ಅಪ್ಪ ಇನ್‌ಸ್ಟಾದಲ್ಲಿ ಇಲ್ಲ. ಆದ್ರೆ ನಿಮ್ಮಲ್ಲಿ ಯಾರಾದ್ರೂ ಇದರ ಸ್ಕ್ರೀನ್‌ಶಾಟ್ ತೆಗೆದು ಅವರ ವಾಟ್ಸಾಪಿಗೆ ಕಳಿಸ್ತೀರಿ ಅಂತ ನನಗೆ ಗೊತ್ತು. ಪ್ರತಿ ಸಲ ಮಾಡ್ತೀರಿ. ಈ ಸಲ ಎಂಟನ್ನೂ ಕಳಿಸಿ, ಸೋಮವಾರದ ಒಳಗೆ.

#ಕುಮಟಾ #ಹೊನ್ನಾವರ #ಭಟ್ಕಳ #ಕನ್ನಡಮೀಡಿಯಂ #ಒಂದುವರ್ಷಹಾಳು